ಎಡಿಟರ್ ಮೇಡಂನ ಕೇಳಿ: ಈ ವಾರ ಹಾರರ್ ಕಾದಂಬರಿ

ಅಡ್ಮಿನ್: ಮೈಸೂರಲ್ಲಿ ಬಹಳ ವರ್ಷದಿಂದ ಹಸ್ತಪ್ರತಿ ತಿದ್ದೋ ನಮ್ಮ ಮೇಡಂ ರಾತ್ರಿ 9ರವರೆಗೂ ಇರ್ತಾರೆ. ಕೇಳಿ.

ಮದ್ದೂರ್ ಹುಡುಗ: ನಮಸ್ಕಾರ ಮೇಡಂ, 212 ಪೇಜಿನ ಕಾದಂಬರಿ ಮೇಲ್ ಮಾಡಿದ್ನಲ್ಲ. ಕನ್ನಂಬಾಡಿ ಕಟ್ಟೆ ಕಟ್ಟೋವಾಗ ಊರು ಮುಳುಗಿ ಎದ್ದು ಬಂದ ಮನೆತನ. ಡ್ಯಾಮಲ್ಲಿ ನೀರು ಹತ್ತಡಿ ಇಳಿದ್ರೆ ಮನೇಲಿ ಒಬ್ರು ಇರಲ್ಲ. ಸಾಯಲ್ಲ, ಇದ್ರು ಅನ್ನೋದೇ ಯಾರಿಗೂ ನೆನಪಿರಲ್ಲ, ರೇಷನ್ ಕಾರ್ಡಲ್ಲೂ ಹೆಸರಿರಲ್ಲ. ಫ್ರೆಂಡ್ಸೆಲ್ಲ ಮೊದಲರ್ಧ ಸೂಪರ್, ಆಮೇಲೆ ಸಪ್ಪೆ ಅಂತಾರೆ. ಎಲ್ಲಿ ಎಡವಿದೆ?

ಸರಸ್ವತಿಪುರಂ ಓದುಗ: ಹಾರರ್ ಕಾದಂಬರಿ ಎಷ್ಟು ಪೇಜ್ ಇರ್ಬೇಕು ಮೇಡಂ?

ಎಡಿಟರ್: ಕತೆ ಮುಗಿಯೋವಷ್ಟು.

ಎಡಿಟರ್: ಮದ್ದೂರಿನವರೇ, ನಿಮ್ದು ಎರಡು ಸಲ ಓದ್ದೆ. ಪೇಪರಲ್ಲಿ ಬರೋ ಡ್ಯಾಮ್ ಲೆವೆಲ್ಲನ್ನ ಅಜ್ಜಿ ದಿನಾ ಬೆಳಗ್ಗೆ ಗಟ್ಟಿಯಾಗಿ ಓದಿಸ್ಕೊಳೋದು, ಒಳಹರಿವು ಹೊರಹರಿವು ಎಲ್ಲಾ, ಅದನ್ನ ಮಂಡ್ಯದವರು ಬಿಟ್ರೆ ಬೇರೆಯವರು ಬರೆಯೋಕಾಗಲ್ಲ. ಇನ್ನು ಆ ಅಡುಗೆಮನೆ ಸೀನು. ಅವ್ವ ಎಂದಿನಂಗೆ ಐದು ಮುದ್ದೆ ಕಟ್ತಾಳೆ, ತಟ್ಟೆ ನಾಲ್ಕೇ ಇರ್ತವೆ, ಮಿಕ್ಕಿದ್ದನ್ನ ನೋಡಿ 'ಹಿಟ್ಟು ಜಾಸ್ತಿ ಆಯ್ತು' ಅಂತ ಎಮ್ಮೆಗೆ ಹಾಕ್ತಾಳೆ. ಕಿರುಚಾಟ ಇಲ್ಲ ರಕ್ತ ಇಲ್ಲ, ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಕೈ ಕೊಟ್ಟಿದ್ದು 94ನೇ ಪೇಜಲ್ಲಿ. ಅಲ್ಲೀವರೆಗೂ ಲೆಕ್ಕ ಸರಿ ಇತ್ತು, 124.80 ಅಡಿ ತುಂಬಿದ್ದು 114ಕ್ಕಿಳೀತು, ಚಿಕ್ಕಪ್ಪ ಇಲ್ಲ. 104, ಸೊಸೆ ಇಲ್ಲ. ಆಮೇಲೆ ನೀರು ಇಳೀದೇನೇ ಮಗು ಮಾಯ, ಯಾಕೆ? ನಿಮಗೆ ಬೇಕಿತ್ತು, ಅಷ್ಟೇ. ದೆವ್ವದ ಕತೇಲಿ ದೆವ್ವ ಕಟ್ಟುನಿಟ್ಟಾಗಿರ್ಬೇಕು ಕಣಪ್ಪ, ನೀವೇ ಹಾಕಿದ ನಿಯಮ ನೀವೇ ಮುರಿದ್ರೆ ಓದೋರಿಗೆ ಹೆದರೋಕೆ ಹಿಡಿತಾನೇ ಸಿಗಲ್ಲ. 130ನೇ ಪೇಜಿಗೆ ಕೊಳ್ಳೇಗಾಲದಿಂದ ಮಂತ್ರವಾದಿ ಬಂದು 26 ಪೇಜ್ ಭಾಷಣ ಬಿಗೀತಾನೆ. ತೆಗೀರಿ ಅವನ್ನ.

ಇನ್ನೊಂದು, ಕತೆ ನಡೆಯೋದು 2023ರಲ್ಲಿ, ನೀವು ನೀರಿಂದ ಹಳೇ ವೇಣುಗೋಪಾಲಸ್ವಾಮಿ ಗುಡಿ ಎಬ್ಬಿಸಿದೀರ. ಆ ಗುಡೀನ ಕಲ್ಲು ಕಲ್ಲು ಬಿಚ್ಚಿ ಹೊಸ ಕನ್ನಂಬಾಡೀಲಿ ಕಟ್ಟಿದಾರಲ್ರೀ, ನೀವೇ ಹೋಗಿ ಕೈ ಮುಗ್ದಿರ್ತೀರ. ಆದ್ರೆ ಇದೇ ನಿಮಗೆ ವರ. ದೇವ್ರನ್ನ ಎತ್ಕೊಂಡ್ ಬಂದ್ರು, ಜನಾನ ಅಲ್ಲೇ ಬಿಟ್ರು ಅಂತ ಅಜ್ಜಿ ಬಾಯಲ್ಲಿ ಒಂದ್ ಮಾತು ಬಂದ್ರೆ ಮಂತ್ರವಾದಿ ಯಾಕ್ ಬೇಕು?

ಕೊಳ್ಳೇಗಾಲದವನು: ಎಲ್ಲಾ ಕತೇಲೂ ಮಾಟ ಮಂತ್ರ ಅಂದ್ರೆ ನಮ್ಮೂರೇ ಯಾಕ್ರೀ? ರೇಷ್ಮೆ ಸೀರೆ ಯಾರ್ಗೂ ಕಾಣಲ್ವಾ?

ಕಾವೇರಿ ದಂಡೆ: ಡ್ಯಾಮ್ ಕತೇಲಿ ವಿಶ್ವೇಶ್ವರಯ್ಯನವ್ರ ಹೆಸರೇ ಇಲ್ವಾ?

ಪಾಂಡವಪುರ ಪಟೇಲ: ನಾಲ್ವಡಿಯವ್ರು ಮನಸ್ ಮಾಡ್ದೆ ಇದ್ದಿದ್ರೆ ಯಾವ ಇಂಜಿನಿಯರ್ ಏನ್ ಮಾಡೋರು?

ಗಂಜಾಂ: ಡ್ಯಾಮ್ ಹತ್ರ ಟಿಪ್ಪು ಕಾಲದ ಪರ್ಷಿಯನ್ ಶಾಸನ ಇದೆ, ಅದೂ ಓದ್ಕೊಳಿ ಇಬ್ರೂ.

ಪಾಂಡವಪುರ ಪಟೇಲ: ಶಾಸನ ಬರೆಸಿದ್ರೆ ಕಟ್ಟೆ ಕಟ್ದಂಗಾಯ್ತಾ?

ಗಂಜಾಂ: ಇಲ್ಲ ಅಂತ ನಾನಂದ್ನಾ? ನಿಮಗೆ ಉರಿ ಯಾಕೆ?

ಎಡಿಟರ್: ಕೆಲಸ ಶುರುವಾಗಿದ್ದು 1911ರಲ್ಲಿ, ನಾಲ್ವಡಿಯವ್ರ ಕಾಲ. ಸಾಕು. ನಾನು ದೆವ್ವದ ವಿಷ್ಯ ಮಾತಾಡೋಕ್ ಬಂದಿದೀನಿ.

ಶುಭೋದಯ ಅಂಕಲ್: ಫಾರ್ವರ್ಡ್: 'ಹಾರರ್ ಬರೆಯೋಕೆ 10 ಸೂತ್ರ! ಅಮಾವಾಸ್ಯೆ ರಾತ್ರಿ 3ಕ್ಕೆ ಎದ್ದು ಬರೆಯಿರಿ! ಪ್ರತಿ ಅಧ್ಯಾಯಕ್ಕೂ ಟ್ವಿಸ್ಟ್ ಕೊಡಿ!'

ಎಡಿಟರ್: ಇದು ಮೂರನೇ ಸಲ ಅಂಕಲ್. ಪ್ರತಿ ಅಧ್ಯಾಯಕ್ಕೂ ಟ್ವಿಸ್ಟ್ ಇಟ್ರೆ ನಾಲ್ಕನೇದಕ್ಕೆ ಓದುಗ ಆಕಳಿಸ್ತಾನೆ. 3 ಗಂಟೆಗೆ ಎದ್ರೆ ಬರೋದು ತಲೆನೋವು. ದಯವಿಟ್ಟು ಹೊಸಬರು ಇದನ್ನ ನಂಬ್ಕೊಂಡು ಇರೋ ಒಳ್ಳೇ ಡ್ರಾಫ್ಟ್ ಕೆಡಿಸ್ಕೋಬೇಡಿ, ಕೆಡಿಸ್ಕೊಂಡು ಬಂದಿರೋದನ್ನ ನಾನು ನೋಡಿದೀನಿ.

ಶುಭೋದಯ ಅಂಕಲ್: ಒಳ್ಳೇದಾಗ್ಲಿ ಅಂತ ಹಾಕ್ದೆ ಮೇಡಂ, ಇಷ್ಟು ಅಹಂ ಬೇಡ.

ವಿಜಯನಗರ 2ನೇ ಹಂತ: ಪುಸ್ತಕದ ಹಿಂದೆ ಹಾಕೋ ಐಎಸ್‌ಬಿಎನ್ ನಂಬರ್‌ಗೆ 8 ಸಾವಿರ ಕೇಳ್ತಿದಾರೆ, ಕೊಡ್ಲಾ?

ಎಡಿಟರ್: ಕೊಡ್ಬೇಡಿ. ನಮ್ ದೇಶದಲ್ಲಿ ಅದು ಫ್ರೀ.

ಹುಣಸೂರು ರಸ್ತೆ: ನನ್ನ ಮೋಹಿನಿ ಕತೆ ಓದಿದ್ರಾ? ಹೋದ ತಿಂಗಳು ಕಳ್ಸಿದ್ದೆ.

ಸರಸ್ವತಿಪುರಂ ಓದುಗ: ಮೇಡಂ, ಅಂದಾಜು 200 ಪೇಜ್ ಸಾಕಾ?

ಎಡಿಟರ್: ಮೇಲೆ ನೋಡಿ.

ಮದ್ದೂರ್ ಹುಡುಗ: ಮೇಡಂ, ಮಂತ್ರವಾದೀನ ತೆಗೆದ್ರೆ ಕೊನೆ ಹೆಂಗೆ ಮಾಡ್ಲಿ? ಶಾಪ ನಿಲ್ಲಿಸೋರು ಯಾರೂ ಇರಲ್ವಲ್ಲ.

ಎಡಿಟರ್: ಜುಲೈಲಿ ಕೊಡಗಲ್ಲಿ ಮಳೆ ಹಿಡಿದ್ರೆ ಡ್ಯಾಮ್ ಏರಲ್ವಾ? ಇಳಿದಾಗ ಹೋದೋರು, ಏರಿದಾಗ ಏನಾಗ್ತಾರೆ? 212 ಪೇಜಲ್ಲಿ ನೀವು ಈ ಪ್ರಶ್ನೆ ಕೇಳ್ಕೊಂಡೇ ಇಲ್ಲ. ವಾಪಸ್ ಬರ್ತಾರೆ ಅನ್ಕೊಳಿ, ಬರೋದು ಹೋದೋರೇನಾ? ಮುದ್ದೆ ನಾಲ್ಕೇ ಕಟ್ಟಿರ್ತಾಳೆ ಅವ್ವ, ಪಡಸಾಲೇಲಿ ಐದನೇ ಆಳು ಬಂದು ಕೂತಿದ್ರೆ, ಅವನು ಯಾರು ಅಂತ ಇವರಿಗೆ ಹೆಂಗ್ ಗೊತ್ತಾಗ್ಬೇಕು?

ಮದ್ದೂರ್ ಹುಡುಗ: ಅಯ್ಯೋ. ಮೇಡಂ ನಾಳೆಯಿಂದಾನೇ ಕೂತ್ಕೊತೀನಿ.

ಕಾವೇರಿ ದಂಡೆ: ಅದಿರ್ಲಿ, ಪಟೇಲ್ರು ವಿಶ್ವೇಶ್ವರಯ್ಯನವ್ರ ಬಗ್ಗೆ ಆಡಿದ ಮಾತು ವಾಪಸ್ ತಗೋಬೇಕು.

ಅಡ್ಮಿನ್: 9 ಆಯ್ತು. ಕಾಮೆಂಟ್ ಬಂದ್ ಮಾಡ್ತಿದೀನಿ.