ಸಹಾಯ ಬೇಕು: ತಮ್ಮನಿಗೆ ಬೆಲ್ಟ್ ಇದೆ, ಕೊಕ್ಕೆ ಸಿಕ್ಕಿಸಲು ಜಾಗವಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯವನು. ನನ್ನ ತಮ್ಮ ಏಳು ತಿಂಗಳಿಂದ ಕತಾರಿನ ದೋಹಾದಲ್ಲಿ ಕಟ್ಟಡವೊಂದರ ಕಂಬಿ ಕಟ್ಟುವ ಕೆಲಸದಲ್ಲಿದ್ದಾನೆ. ಈಗ ಆರನೇ ಮಹಡಿಯ ಅಂಚಿನಲ್ಲಿ ನಿಂತು ದುಡಿಯುತ್ತಿದ್ದಾನೆ.

ಸುರಕ್ಷತಾ ಬೆಲ್ಟ್ ಕೊಟ್ಟಿಲ್ಲವೆಂದಲ್ಲ, ಕೊಟ್ಟಿದ್ದಾರೆ. ಆದರೆ ಅದರ ಕೊಕ್ಕೆ ಸಿಕ್ಕಿಸಲು ಗಟ್ಟಿಯಾದ ಆಧಾರವಿಲ್ಲ. ಸಾರವೆಯ ಹಲಗೆಗಳು ಅಲ್ಲಾಡುತ್ತವೆ, ಅಂಚಿಗೆ ತಡೆಕಂಬಿಯೂ ಇಲ್ಲ. ಮೇಲ್ವಿಚಾರಕರಿಗೆ ಹೇಳಿದರೆ, "ಊರಿನಲ್ಲಿ ಬೆಲ್ಟ್ ಕಟ್ಟಿಕೊಂಡೇ ಗೋಡೆ ಹತ್ತುತ್ತಿದ್ದೆಯಾ?" ಎಂದು ನಕ್ಕರಂತೆ. ಊರಿನಲ್ಲಿ ನಾವಿಬ್ಬರೂ ಹವಾಯಿ ಚಪ್ಪಲಿಯಲ್ಲೇ ಸಾರವೆ ಹತ್ತಿದವರು ಎಂಬುದು ನಿಜವೇ. ಆದರೆ ಅದು ಒಂದೂವರೆ ಆಳೆತ್ತರ.

ವಿಚಿತ್ರವೆಂದರೆ, ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಿಸಿಲಿನಲ್ಲಿ ದುಡಿಸಬಾರದೆಂಬ ಅಲ್ಲಿನ ನಿಯಮವನ್ನು ಇದೇ ಕಂಪನಿ ಚಾಚೂ ತಪ್ಪದೆ ಪಾಲಿಸುತ್ತದೆ. ಅಂದರೆ ತಪಾಸಣೆಯ ಭಯ ಇವರಿಗಿದೆ.

ಅಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ: ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟರೆ ದೂರುದಾರನ ಹೆಸರು ಕಂಪನಿಗೆ ಗೊತ್ತಾಗುತ್ತದೆಯೇ? ಮೊದಲು ಭಾರತೀಯ ರಾಯಭಾರ ಕಚೇರಿಗೆ ಹೋಗುವುದು ಮೇಲೋ? ನಮ್ಮ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ಇಂತಹ ದೂರು ಕೊಟ್ಟು ಉತ್ತರ ಪಡೆದವರಿದ್ದೀರಾ? ಫೋಟೋ ತೆಗೆಯಲು ಅವನು ಹೆದರುತ್ತಾನೆ. ಕೆಲಸದ ಜಾಗದಲ್ಲಿ ಮೊಬೈಲ್ ನಿಷಿದ್ಧವಂತೆ.

2020ರಿಂದ ಮಾಲೀಕನ ಒಪ್ಪಿಗೆ ಪತ್ರವಿಲ್ಲದೆಯೂ ಅಲ್ಲಿ ಕೆಲಸ ಬದಲಿಸಬಹುದು ಎಂಬುದು ಗೊತ್ತು. ಆದರೆ ಏಜೆಂಟನಿಗೆ ಕೊಡಲು ಮಾಡಿದ ಸಾಲ ಇನ್ನೂ ತೀರಿಲ್ಲ, ಒಂದು ತಿಂಗಳ ಸಂಬಳ ತಪ್ಪಿದರೂ ಕಷ್ಟ. ಅಮ್ಮನಿಗೆ ಇದಾವುದನ್ನೂ ಹೇಳಿಲ್ಲ.