ಪ್ರಶ್ನೋತ್ತರ: ಪಬ್ಲಿಕ್ ಐಪಿ ಇಲ್ಲದ ತೋಟದ ಪೈಗಳನ್ನು ಆಫೀಸಿನಿಂದ ನೇರ ತಲುಪುವುದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ)

ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕಿನ ಅಡಿಕೆ ತೋಟಗಳಲ್ಲಿ ಆರು ಕಡೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಕೂರಿಸಿದ್ದೇವೆ. ಮಳೆಮಾಪಕ ಮತ್ತು ಎಲೆ ತೇವದ ಸೆನ್ಸರ್‌ಗಳ ಲೆಕ್ಕ ಡಾಕರ್‌ನಲ್ಲಿರುವ (ಪ್ರೋಗ್ರಾಮುಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುವ ತಂತ್ರಾಂಶ) ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಸೇರುತ್ತದೆ. ಕೊಳೆರೋಗಕ್ಕೆ ಬೋರ್ಡೋ ಯಾವಾಗ ಹೊಡೆಯಬೇಕು ಎಂದು ಹೇಳುವುದಕ್ಕೆ ಈ ಲೆಕ್ಕ ಬೇಕು. ನಾಲ್ಕು ಕಡೆ 4ಜಿ ಡಾಂಗಲ್, ಎರಡು ಕಡೆ ಫೈಬರ್. ಶಿವಮೊಗ್ಗದ ಆಫೀಸಿನಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್), ಡೇಟಾಬೇಸ್ ಎರಡೂ ಸಿಗಬೇಕು. ಫೈಬರ್ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನ ಕೋರಿಕೆಯನ್ನು ಒಳಗಿನ ಪೈಗೆ ದಾಟಿಸುವುದು) ಮಾಡಿದರೂ ಹೊರಗಿನಿಂದ ಸಿಗುತ್ತಿಲ್ಲ. ಡೇಟಾ ಪೂರ್ತಿ ಕ್ಲೌಡ್ ಮೂಲಕ ಹಾಯದಂತೆ ಮಾಡಬಹುದೇ?

ಉತ್ತರ (ನೆಟ್‌ವರ್ಕ್ ಎಂಜಿನಿಯರ್, ಶಿವಮೊಗ್ಗ)

ಮೊದಲು ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ರೂಟರಿಗೆ ಹೊರಗಿನಿಂದ ಸಿಕ್ಕ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ಇಂಟರ್ನೆಟ್ ಕಂಪನಿಯವರು ಒಂದೇ ಪಬ್ಲಿಕ್ ಐಪಿಯನ್ನು (ಇಂಟರ್ನೆಟ್ಟಿನಿಂದ ನೇರ ತಲುಪಬಹುದಾದ ವಿಳಾಸ) ಹಲವು ಗ್ರಾಹಕರಿಗೆ ಹಂಚಿದ್ದಾರೆ ಎಂದರ್ಥ. ಆಗ ನಿಮ್ಮ ರೂಟರಿನಲ್ಲಿ ಏನು ಫಾರ್ವರ್ಡ್ ಮಾಡಿದರೂ ಫಲವಿಲ್ಲ, ಬಾಗಿಲು ಮುಚ್ಚಿರುವುದು ಅವರ ಕಡೆ. 4ಜಿಯಲ್ಲಿ ಸಾಮಾನ್ಯವಾಗಿ ಇದೇ ಪಾಡು.

ನಿಮ್ಮ ಕೆಲಸಕ್ಕೆ ನೆಬ್ಯುಲಾ ಸರಿ. 2019ರಲ್ಲಿ ಸ್ಲ್ಯಾಕ್ ಕಂಪನಿ ಮುಕ್ತವಾಗಿ ಬಿಟ್ಟ ಓವರ್‌ಲೇ ನೆಟ್‌ವರ್ಕ್ (ಇಂಟರ್ನೆಟ್ಟಿನ ಮೇಲೆ ಹಾಸುವ ನಮ್ಮದೇ ಖಾಸಗಿ ಜಾಲ) ತಂತ್ರಾಂಶ ಇದು. ಪಬ್ಲಿಕ್ ಐಪಿ ಇರುವ ಒಂದು ಯಂತ್ರ ಲೈಟ್‌ಹೌಸ್ ಆಗುತ್ತದೆ. ಪ್ರತಿ ಪೈ ತಾನಾಗಿ ಹೊರಗೆ ಹೋಗಿ ಅದಕ್ಕೆ ವರದಿ ಮಾಡುತ್ತದೆ. ಆಫೀಸಿನ ಯಂತ್ರ ಪೈಯನ್ನು ಕೇಳಿದಾಗ ಲೈಟ್‌ಹೌಸ್ ಇಬ್ಬರಿಗೂ ವಿಳಾಸ ಹೇಳುತ್ತದೆ, ಇಬ್ಬರೂ ಪರಸ್ಪರ ಯುಡಿಪಿ ಪ್ಯಾಕೆಟ್ ಕಳಿಸುತ್ತಾರೆ. ಎರಡೂ ಬದಿಯ ನ್ಯಾಟ್‌ನಲ್ಲಿ (ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ವ್ಯವಸ್ಥೆ) ದಾರಿ ತೆರೆದರೆ ಡೇಟಾ ನೇರ ಹೋಗುತ್ತದೆ.

ಲೈಟ್‌ಹೌಸ್‌ಗೆ ಒಂದು ಸಿಪಿಯು, 512 ಎಂಬಿ ಮೆಮೊರಿಯ ಕ್ಲೌಡ್ ಸರ್ವರ್ ಧಾರಾಳವಾಯಿತು. ಯುಡಿಪಿ 4242 ಪೋರ್ಟನ್ನು ಕ್ಲೌಡ್‌ನ ಫೈರ್‌ವಾಲ್‌ನಲ್ಲೂ ಸರ್ವರ್‌ನ ಫೈರ್‌ವಾಲ್‌ನಲ್ಲೂ ತೆರೆಯಿರಿ. ಒಂದು ಕಡೆ ತೆರೆದು ಇನ್ನೊಂದು ಕಡೆ ಮರೆಯುವವರೇ ಹೆಚ್ಚು. ಸಿಎ ಕೀಯನ್ನು (ಎಲ್ಲ ಯಂತ್ರಗಳ ಸರ್ಟಿಫಿಕೇಟಿಗೆ ಸಹಿ ಮಾಡುವ ಮೂಲ ಕೀ) ಸರ್ವರ್‌ನಲ್ಲಿ ಇಡಲೇಬೇಡಿ. ಆ ಕೀ ಸಿಕ್ಕವನು ನಿಮ್ಮ ನೆಟ್‌ವರ್ಕಿಗೆ ಯಾವ ಯಂತ್ರವನ್ನಾದರೂ ಸೇರಿಸಬಲ್ಲ. ಆಫೀಸಿನ ಒಂದು ಲ್ಯಾಪ್‌ಟಾಪಿನಲ್ಲಿ ಸಹಿ ಮಾಡಿ, ಪೆನ್‌ಡ್ರೈವ್‌ನಲ್ಲಿ ನಕಲು ಇಟ್ಟು ಬೀರುವಿಗೆ ಹಾಕಿ. ಪ್ರತಿ ಪೈಗೆ ಹೋಗುವುದು ಸಿಎ ಸರ್ಟಿಫಿಕೇಟ್, ಅದರದೇ ಸರ್ಟಿಫಿಕೇಟ್ ಮತ್ತು ಅದರದೇ ಕೀ, ಇಷ್ಟೇ.

ಓವರ್‌ಲೇ ವಿಳಾಸಕ್ಕೆ 10.87.0.0/16 ತರಹದ್ದು ಆರಿಸಿ. 192.168.1 ಪ್ರತಿ ರೂಟರಿನಲ್ಲೂ ಇದೆ, 172.17 ಡಾಕರ್‌ನದು, 100.64 ಕಂಪನಿಯವರದು. ಕೆಲವು ಡಾಂಗಲ್‌ಗಳು 10ರಿಂದ ಶುರುವಾಗುವ ವಿಳಾಸ ಕೊಡುತ್ತವೆ, ಅದಕ್ಕೂ ತಾಕದಂತೆ ನೋಡಿಕೊಳ್ಳಿ.

ಪೈಗಳ ಕಾನ್ಫಿಗ್‌ನಲ್ಲಿ ಲಿಸನ್ ಪೋರ್ಟ್ 0 (ಯಾವುದಾದರೂ ಖಾಲಿ ಪೋರ್ಟ್) ಇರಲಿ. ನ್ಯಾಟ್‌ನಲ್ಲಿ ದಾರಿ ತೆರೆಯುವ ಪಂಚಿ ವಿಭಾಗದಲ್ಲಿ ಪಂಚ್, ರೆಸ್ಪಾಂಡ್ ಎರಡೂ ಟ್ರೂ. ಸ್ಟ್ಯಾಟಿಕ್ ಹೋಸ್ಟ್ ಮ್ಯಾಪ್‌ನಲ್ಲಿ ಲೈಟ್‌ಹೌಸ್‌ನ ಓವರ್‌ಲೇ ವಿಳಾಸದ ಎದುರು ಅದರ ಪಬ್ಲಿಕ್ ಐಪಿ ಮತ್ತು 4242. ಲೈಟ್‌ಹೌಸ್‌ನ ಕಾನ್ಫಿಗ್‌ನಲ್ಲಿ ಮಾತ್ರ ಹೋಸ್ಟ್ಸ್ ಪಟ್ಟಿ ಖಾಲಿ ಬಿಡಬೇಕು. ಸಹಿ ಮಾಡುವಾಗಲೇ ಗ್ರೂಪ್ ಕೊಡಿ: ಆಫೀಸಿಗೆ "ಕಚೇರಿ", ಪೈಗಳಿಗೆ "ತೋಟ". ಪೈಯ ಇನ್‌ಬೌಂಡ್ ನಿಯಮದಲ್ಲಿ 22 (ಎಸ್‌ಎಸ್‌ಎಚ್) ಮತ್ತು 5432 (ಪೋಸ್ಟ್‌ಗ್ರೆಸ್) ಪೋರ್ಟ್ ಕಚೇರಿ ಗ್ರೂಪಿಗೆ ಮಾತ್ರ. ತೋಟದ ಒಂದು ಪೈ ಕಳ್ಳರ ಪಾಲಾದರೂ ಅದರಿಂದ ಉಳಿದವನ್ನು ಮುಟ್ಟಲಾಗಬಾರದು.

ಮರುಪ್ರಶ್ನೆ (ತೀರ್ಥಹಳ್ಳಿ)

ಎಲ್ಲ ಹಾಕಿದೆವು ಮೇಡಂ. ನಾಲ್ಕು ಸಿಗುತ್ತಿವೆ. ಹೊಸನಗರದ ಕಡೆಯ ಎರಡು 4ಜಿ ಪೈಗಳಿಂದ ಲೈಟ್‌ಹೌಸ್‌ಗೆ ಪಿಂಗ್ ಹೋಗುತ್ತದೆ, ಆಫೀಸಿಗೆ ಹೋಗುತ್ತಿಲ್ಲ. ಜೊತೆಗೆ, ಸಿಗುವ ಒಂದರಲ್ಲಿ ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆ, ದೊಡ್ಡ ಕ್ವೆರಿ ಹಾಕಿದರೆ ಪರದೆ ನಿಂತುಬಿಡುತ್ತದೆ.

ಉತ್ತರ (ನೆಟ್‌ವರ್ಕ್ ಎಂಜಿನಿಯರ್, ಶಿವಮೊಗ್ಗ)

ಮೊದಲನೆಯದು ಸಿಮೆಟ್ರಿಕ್ ನ್ಯಾಟ್ ಇರಬೇಕು. ಅದು ಪ್ರತಿ ಗಮ್ಯಕ್ಕೂ ಬೇರೆ ಬೇರೆ ಪೋರ್ಟ್ ಕೊಡುತ್ತದೆ. ಲೈಟ್‌ಹೌಸ್ ಕಂಡ ಪೋರ್ಟ್‌ಗೆ ಆಫೀಸು ಬಡಿದರೆ ಅಲ್ಲಿ ಯಾರೂ ಇಲ್ಲ. ಒಂದು ಬದಿ ಮಾತ್ರ ಹೀಗಿದ್ದರೆ ರೆಸ್ಪಾಂಡ್ ಅನೇಕ ಸಲ ಉಳಿಸುತ್ತದೆ, ಎರಡೂ ಬದಿ ಹೀಗಿದ್ದರೆ ರಿಲೇ (ನಡುವೆ ನಿಂತು ಡೇಟಾ ದಾಟಿಸುವ ಯಂತ್ರ) ಬೇಕೇ ಬೇಕು. ನೆಬ್ಯುಲಾ 1.6ರಿಂದ ಅದು ಒಳಗೇ ಇದೆ. ಲೈಟ್‌ಹೌಸ್‌ನಲ್ಲಿ ಆ್ಯಮ್ ರಿಲೇ ಟ್ರೂ ಮಾಡಿ, ಆ ಎರಡು ಪೈಗಳ ರಿಲೇಸ್ ಪಟ್ಟಿಯಲ್ಲಿ ಲೈಟ್‌ಹೌಸ್‌ನ ಓವರ್‌ಲೇ ವಿಳಾಸ ಬರೆಯಿರಿ, ಆಫೀಸಿನಲ್ಲಿ ಯೂಸ್ ರಿಲೇಸ್ ಟ್ರೂ ಇರಲಿ. ಈ ಎರಡರ ಡೇಟಾ ಕ್ಲೌಡ್ ಮೂಲಕ ಹಾಯುತ್ತದೆ, ನಿಜ. ಆದರೆ ರಿಲೇಗೆ ಅದನ್ನು ಬಿಡಿಸಿ ಓದಲಾಗದು, ಗೂಢಲಿಪಿ ಪೈಯಿಂದ ಆಫೀಸಿನವರೆಗೂ ಹಾಗೇ ಇರುತ್ತದೆ. ಅದೂ ಬೇಡವೆಂದರೆ ಆಫೀಸಿಗೆ ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳಿ. ಆರೂ ಪೈಗಳಿಂದ ಆಫೀಸಿಗೆ ನೇರ ದಾರಿ ಸಿಗುತ್ತದೆ, ಖರ್ಚಿಗೆ ತಕ್ಕ ಫಲವಿದೆ.

ಎರಡನೆಯದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ಸಣ್ಣ ಪ್ಯಾಕೆಟ್ ದಾಟುತ್ತದೆ, ತುಂಬಿದ ಪ್ಯಾಕೆಟ್ ನಡುವೆ ಎಲ್ಲೋ ಬಿದ್ದುಹೋಗುತ್ತದೆ. ನೆಬ್ಯುಲಾದ ಮಾಮೂಲಿ ಎಂಟಿಯು 1300. ಹೊರ ಹೊದಿಕೆ 60 ಬೈಟ್ ಸೇರಿ 1360 ಆಗುತ್ತದೆ, ರಿಲೇ ಇದ್ದರೆ ಇನ್ನೂ ಹೆಚ್ಚು. ತುಂಡಾಗಬಾರದೆಂಬ ಗುರುತು ಹಾಕಿ 1272 ಬೈಟ್‌ನ ಪಿಂಗ್ ಕಳಿಸಿ. ಅದು ಬಾರದೆ 1172 ಬಂದರೆ ಎರಡೂ ತುದಿಯಲ್ಲಿ ಎಂಟಿಯು 1200ಕ್ಕೆ ಇಳಿಸಿ.

ಇನ್ನೊಂದು ಉತ್ತರ (ಸಿಸ್ಟಮ್ ಅಡ್ಮಿನ್, ಸಾಗರ)

ಡಾಕರ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪೋಸ್ಟ್‌ಗ್ರೆಸ್ ಪೋರ್ಟನ್ನು ಬರೀ 5432:5432 ಎಂದು ಬಿಟ್ಟರೆ ಅದು ಡಾಂಗಲ್‌ನ ಕಡೆಗೂ ತೆರೆದಿರುತ್ತದೆ, ಪೈಯ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯು ಅದನ್ನು ತಡೆಯುವುದಿಲ್ಲ. 10.87.0.11:5432:5432 ಎಂದು ಓವರ್‌ಲೇ ವಿಳಾಸಕ್ಕೇ ಕಟ್ಟಿ. ಹೀಗೆ ಕಟ್ಟಿದಾಗ ಬೂಟ್ ಆಗುವಾಗ ನೆಬ್ಯುಲಾಕ್ಕಿಂತ ಡಾಕರ್ ಮುಂಚೆ ಎದ್ದರೆ ಆ ವಿಳಾಸವೇ ಇರುವುದಿಲ್ಲ, ಕಂಟೇನರ್ ಏಳುವುದಿಲ್ಲ. ಡಾಕರ್ ಸರ್ವೀಸು ನೆಬ್ಯುಲಾ ನಂತರ ಶುರುವಾಗುವಂತೆ ಸಿಸ್ಟಮ್‌ಡಿಯಲ್ಲಿ (ಸರ್ವೀಸುಗಳನ್ನು ಶುರು ಮಾಡುವ ವ್ಯವಸ್ಥೆ) ಹೇಳಿ. ಅದರ ಮೇಲೆ ಕರ್ನಲ್‌ನ ಐಪಿ ನಾನ್‌ಲೋಕಲ್ ಬೈಂಡ್ (ಇನ್ನೂ ಬಾರದ ವಿಳಾಸಕ್ಕೂ ಕಟ್ಟಲು ಬಿಡುವ ಸೆಟ್ಟಿಂಗ್) 1 ಮಾಡಿದರೆ ಇನ್ನೂ ಭದ್ರ.

ಮಳೆಗಾಲದಲ್ಲಿ ಕಾಡುವುದು ಗಡಿಯಾರ. ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದರೆ ಹಳೆಯ ಸಮಯದಲ್ಲೇ ಏಳುತ್ತದೆ. ಅಷ್ಟರಲ್ಲಿ ಹೊಸ ಸರ್ಟಿಫಿಕೇಟ್ ಹಾಕಿದ್ದರೆ, ಅದರ ಅವಧಿ ಇನ್ನೂ ಶುರುವಾಗಿಲ್ಲ ಎಂದು ನೆಬ್ಯುಲಾ ನಿರಾಕರಿಸುತ್ತದೆ. ಎನ್‌ಟಿಪಿ (ಸಮಯ ಸರಿಹೊಂದಿಸುವ) ಸರ್ವರ್ ಆಗಿ ಆಫೀಸಿನ ಓವರ್‌ಲೇ ವಿಳಾಸ ಕೊಟ್ಟಿದ್ದರೆ ಕಥೆ ಮುಗಿಯಿತು: ಸಮಯ ಸರಿಯಾಗಲು ಸುರಂಗ ಬೇಕು, ಸುರಂಗ ಏಳಲು ಸಮಯ ಬೇಕು. ಎನ್‌ಟಿಪಿ ಯಾವತ್ತೂ ಹೊರಗಿನದೇ ಇರಲಿ. ಡಿಎಸ್3231 ಬ್ಯಾಟರಿ ಗಡಿಯಾರದ ಮಾಡ್ಯೂಲ್ ಒಂದು ಹಾಕಿಬಿಡಿ, 3.3 ವೋಲ್ಟ್ ಪಿನ್‌ನಿಂದಲೇ ಕೊಡಿ. ಬ್ಯಾಟರಿಯ ತಗಡಿಗೆ ನಮ್ಮ ಕಡೆಯ ಥಂಡಿಗೆ ಕಿಲುಬು ಹಿಡಿಯುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು, ಕೇಬಲ್ ಬರುವ ತೂತು ಕೆಳಮುಖವಾಗಿರಲಿ.

ಮರುಪ್ರಶ್ನೆ (ತೀರ್ಥಹಳ್ಳಿ)

ರಿಲೇ ಹಾಕಿದ ಮೇಲೆ ಎರಡೂ ಸಿಕ್ಕವು, 1200ಕ್ಕೆ ಇಳಿಸಿದ ಮೇಲೆ ಕ್ವೆರಿಯೂ ಬರುತ್ತಿದೆ. ಸರ್ಟಿಫಿಕೇಟ್ ಎಷ್ಟು ದಿನಕ್ಕೆ ಇಡುವುದು? ಪೈ ಕಳುವಾದರೆ ಏನು ಮಾಡಬೇಕು?

ಉತ್ತರ (ನೆಟ್‌ವರ್ಕ್ ಎಂಜಿನಿಯರ್, ಶಿವಮೊಗ್ಗ)

ಏನೂ ಹೇಳದಿದ್ದರೆ ಸಿಎ ಅವಧಿ ಒಂದೇ ವರ್ಷ. ಅದು ಮುಗಿದ ದಿನ ಲೈಟ್‌ಹೌಸ್ ಸೇರಿ ಎಲ್ಲವೂ ಒಟ್ಟಿಗೆ ಕೈಕೊಡುತ್ತವೆ. ಡ್ಯುರೇಶನ್ 43800 ಗಂಟೆ ಕೊಟ್ಟು ಐದು ವರ್ಷಕ್ಕೆ ಮಾಡಿ, ಪೈಗಳಿಗೆ ಒಂದು ವರ್ಷ. ಸಹಿ ಮಾಡುವುದನ್ನು ಫೆಬ್ರವರಿಯಲ್ಲೇ ಇಟ್ಟುಕೊಳ್ಳಿ. ಜುಲೈಯಲ್ಲಿ ಅವಧಿ ಮುಗಿದರೆ ಆ ಮಳೆಯಲ್ಲಿ ತೋಟದ ದಾರಿ ಹಿಡಿಯಬೇಕಾದವರು ನೀವೇ. ಸಿಎ ಬದಲಿಸುವಾಗ ಹಳೆಯದರ ಕೆಳಗೇ ಹೊಸ ಸಿಎ ಸರ್ಟಿಫಿಕೇಟ್ ಸೇರಿಸಿದ ಫೈಲನ್ನು ಮೊದಲು ಎಲ್ಲ ಕಡೆ ತಲುಪಿಸಿ, ಆಮೇಲೆ ಒಂದೊಂದಕ್ಕೇ ಹೊಸ ಸಹಿ ಮಾಡಿ.

ಪೈ ಕಳುವಾದರೆ ಅದರ ಸರ್ಟಿಫಿಕೇಟಿನ ಫಿಂಗರ್‌ಪ್ರಿಂಟನ್ನು (ಗುರುತಿನ ಸಂಕೇತ) ಬ್ಲಾಕ್‌ಲಿಸ್ಟ್‌ಗೆ ಹಾಕಿ. ಲೈಟ್‌ಹೌಸ್ ಒಂದರಲ್ಲಿ ಹಾಕಿದರೆ ಸಾಲದು, ಆ ಪಟ್ಟಿ ತಾನಾಗಿ ಹರಡುವುದಿಲ್ಲ. ಆಫೀಸು ಮತ್ತು ಉಳಿದ ಐದು ಪೈಗಳಲ್ಲೂ ಹಾಕಿ ರಿಲೋಡ್ ಮಾಡಬೇಕು. ಪ್ರತಿ ಪೈಯ ಫಿಂಗರ್‌ಪ್ರಿಂಟನ್ನು ಸಹಿ ಮಾಡಿದ ದಿನವೇ ಬರೆದಿಟ್ಟುಕೊಳ್ಳಿ.