ಮುಖ ಅದುರೋದಕ್ಕೆ ಆಪರೇಷನ್: ನರದ ಮಾನಿಟರಿಂಗ್ ಬೇಕೇ ಬೇಕಾ?

ಪ್ರಶ್ನೆ: ಮೇಡಂ, ನಮ್ಮಮ್ಮಂಗೆ ಎಡಗಣ್ಣಲ್ಲಿ ಶುರುವಾಗಿದ್ದು ಈಗ ಬಾಯಿ ತನಕ ಅದುರುತ್ತೆ, ಸ್ನಾಯು ಸಡಿಲ ಮಾಡೋ ಬೊಟಾಕ್ಸ್ ಇಂಜೆಕ್ಷನ್ ಹಾಕ್ಸಿದ್ರೂ ಮೂರು ತಿಂಗಳಿಗೆ ಮತ್ತೆ ಅದೇ ಕಥೆ. ಈಗ ಎಂವಿಡಿ (ನರ ಒತ್ತೋ ರಕ್ತನಾಳ ಸರಿಸೋದು) ಆಪರೇಷನ್ ಮಾಡೋಣ ಅಂದಿದಾರೆ, ಆಗ ನರ ಹೇಗಿದೆ ಅಂತ ನೋಡ್ತಿರೋ ಮಾನಿಟರಿಂಗೂ ಇರುತ್ತಂತೆ. ನಿಜವಾಗ್ಲೂ ಬೇಕಾ ಅಥವಾ ಬಿಲ್ ಜಾಸ್ತಿ ಮಾಡೋಕಾ?

ಉತ್ತರ: ಈ ಮಾನಿಟರಿಂಗ್ ನಾನು ಮಾಡೋ ಕೆಲಸಾನೇ, ಅದಕ್ಕೆ ಬೇಕು ಅಂತೀನಿ ಅನ್ಕೊಳ್ಳಿ ಪರವಾಗಿಲ್ಲ :) ಈ ಕಾಯಿಲೆಗೆ ಹೆಮಿಫೇಶಿಯಲ್ ಸ್ಪಾಸಂ ಅಂತಾರೆ. ಮುಖದ ನರ ಮಿದುಳಿನ ಬುಡದಿಂದ ಹೊರಗೆ ಬರೋ ಜಾಗದಲ್ಲಿ ರಕ್ತನಾಳ ಒತ್ತಿರುತ್ತೆ, ಸರ್ಜನ್ ಅದನ್ನ ಸರಿಸಿ ಮಧ್ಯೆ ಟೆಫ್ಲಾನ್ ತುಂಡು ಇಡ್ತಾರೆ. ಆದ್ರೆ ಸರಿಸಿದ್ದು ಸರಿಯಾದ ನಾಳಾನೇನಾ? ಪೇಶೆಂಟ್ ಪ್ರಜ್ಞೆ ಇಲ್ದೆ ಮಲಗಿರ್ತಾರೆ, ಅದುರೋದು ನಿಂತಿದ್ಯಾ ಅಂತ ಮುಖ ನೋಡಿ ಹೇಳೋಕಾಗಲ್ಲ. ಅದಕ್ಕೆ ನಾವು ಕಣ್ಣಿನ ಕಡೆ ಹೋಗೋ ಕವಲಿಗೆ ಸಣ್ಣ ಕರೆಂಟ್ ಕೊಟ್ಟು ಗದ್ದದ ಸ್ನಾಯು ನೋಡ್ತೀವಿ. ಮಾಮೂಲಿಯಾಗಿ ಅದು ಸುಮ್ನಿರ್ಬೇಕು, ಈ ಕಾಯಿಲೇಲಿ ಸುಮಾರು 10 ಮಿಲಿಸೆಕೆಂಡಿಗೆ ಅಲ್ಲೂ ಒಂದು ವಿದ್ಯುತ್ ಅಲೆ ಬರುತ್ತೆ, ಲ್ಯಾಟರಲ್ ಸ್ಪ್ರೆಡ್ ಅಂತೀವಿ. ನಾಳ ಸರಿದ ತಕ್ಷಣ ಎಷ್ಟೋ ಸಲ ಆ ಅಲೆ ಮಾಯ. ಹೋಗ್ಲಿಲ್ಲ ಅಂದ್ರೆ ಸರ್ಜನ್ ಇನ್ನೊಂದು ನಾಳ ಇದ್ಯಾ ಅಂತ ಮತ್ತೆ ಹುಡುಕ್ತಾರೆ.

ಪ್ರಶ್ನೆ: ಕಿವಿ ಕೇಳ್ಸದೇ ಹೋಗ್ಬಹುದು ಅಂತಾನೂ ಹೇಳಿದ್ರು, ಅದೇ ಭಯ ಅಮ್ಮಂಗೆ.

ಉತ್ತರ: ಭಯ ಸುಳ್ಳಲ್ಲ, ಕಿವಿಯ ನರ ಮುಖದ ನರಕ್ಕೆ ಅಂಟಿಕೊಂಡ ಹಾಗೇ ಇರುತ್ತೆ, ಸೆರೆಬೆಲ್ಲಮ್ (ಹಿಂಭಾಗದ ಚಿಕ್ಕ ಮಿದುಳು) ಸ್ವಲ್ಪ ಎಳೆದ್ರೂ ಕಿವಿಯ ನರಾನೂ ಎಳೆದ ಹಾಗಾಗುತ್ತೆ. ನನ್ನ ಪ್ರಕಾರ ಮಾನಿಟರಿಂಗಿನ ದೊಡ್ಡ ಉಪಯೋಗ ಇಲ್ಲೇ. ಇಡೀ ಹೊತ್ತು ಕಿವಿಗೆ ಕ್ಲಿಕ್ ಕ್ಲಿಕ್ ಅಂತ ಸೌಂಡ್ ಕೊಟ್ಟು ಮಿದುಳಿನ ಉತ್ತರ ನೋಡ್ತಿರ್ತೀವಿ, ಆ ಉತ್ತರದಲ್ಲಿ ಬರೋ ಅಲೆಗಳಲ್ಲಿ ಐದನೇದು 1 ಮಿಲಿಸೆಕೆಂಡ್ ತಡ ಆದ್ರೆ ಅಥವಾ ಎತ್ತರ ಅರ್ಧಕ್ಕಿಳಿದ್ರೆ ಕೂಗಿ ಹೇಳ್ತೀವಿ, ಸರ್ಜನ್ ಕೈ ತೆಗೆದು ರಿಟ್ರಾಕ್ಟರ್ (ಮಿದುಳನ್ನ ಸರಿಸಿ ಹಿಡಿಯೋ ಉಪಕರಣ) ಸಡಿಲ ಮಾಡಿ ಕಾಯ್ತಾರೆ, ಎಷ್ಟೋ ಸಲ ವಾಪಸ್ ಬರುತ್ತೆ. ಹಾಗಂತ ಕಿವಿಗೆ ಏನೂ ಆಗಲ್ಲ ಅಂತ ಮಾತು ಕೊಡೋಕಾಗಲ್ಲ.

ಇನ್ನೊಬ್ಬರು: ಸರ್ಜರಿಲಿ ಅಲೆ ಹೋಯ್ತು ಅಂದ್ರು, ಆದ್ರೂ ನಮ್ಮ ಅಣ್ಣಂಗೆ ಇನ್ನೂ ಅದುರ್ತಿದೆ!

ಉತ್ತರ: ಆಗುತ್ತೆ ಸರ್. ಕೆಲವರಿಗೆ ಮಿದುಳಿನ ಪೊರೆ ತೆರೆದು ಒಳಗಿನ ನೀರು ಹೊರಗೆ ಬಿಟ್ಟಾಗ್ಲೇ, ನಾಳ ಮುಟ್ಟೋ ಮೊದ್ಲೇ ಅಲೆ ಹೋಗ್ಬಿಡುತ್ತೆ. ಇನ್ನು ಕೆಲವರಿಗೆ ಅಲೆ ಉಳಿದ್ರೂ ಆಮೇಲೆ ಅದುರೋದು ನಿಲ್ಲುತ್ತೆ. ನರ ಸರಿಹೋಗೋಕೆ ತಿಂಗಳುಗಟ್ಲೆ ಬೇಕಾಗ್ಬಹುದು, ಅದಕ್ಕೇ ಎರಡನೇ ಆಪರೇಷನ್ ಮಾತಿಗೆ ಮುಂಚೆ ಸಾಮಾನ್ಯವಾಗಿ ಒಂದು ವರ್ಷದವರೆಗೆ ಕಾಯ್ತಾರೆ.

ಪ್ರಶ್ನೆ: ನಾವೇನಾದ್ರೂ ಮೊದ್ಲೇ ಹೇಳ್ಬೇಕಾ ಮೇಡಂ?

ಉತ್ತರ: ಕೊನೇ ಬೊಟಾಕ್ಸ್ ಯಾವಾಗ ಆಯ್ತು ಅಂತ ತಪ್ಪದೇ ಹೇಳಿ, ಸ್ನಾಯು ಇನ್ನೂ ಮಂಕಾಗಿದ್ರೆ ನಮಗೆ ಅಲೆ ಸರಿಯಾಗಿ ಸಿಗಲ್ಲ. ಈಗಿನ ಹಿಯರಿಂಗ್ ಟೆಸ್ಟ್ ರಿಪೋರ್ಟೂ ತಗೊಂಡು ಹೋಗಿ. ಅನಸ್ತೇಷಿಯಾದಲ್ಲಿ ಸ್ನಾಯು ಸಡಿಲ ಮಾಡೋ ಔಷಧಿ ಇದ್ರೂ ಅಲೆ ಸರಿಯಾಗಿ ಸಿಗಲ್ಲ, ಅದಕ್ಕೆ ಅದನ್ನ ಉಸಿರಾಟದ ಟ್ಯೂಬ್ ಹಾಕೋವಾಗಷ್ಟೇ ಕೊಡ್ತಾರೆ ಸಾಮಾನ್ಯವಾಗಿ, ಅದನ್ನ ಅನಸ್ತೇಷಿಯಾ ಡಾಕ್ಟರ್ ಹತ್ರ ನಾವೇ ಮಾತಾಡ್ಕೊಳ್ತೀವಿ.